ಫೋನಿನ ವೈಫೈ ಅಪ್‌ಡೇಟ್: ಹೊತ್ತು ನೋಡಿ ಮಾಡಿ

2020ರ ಜುಲೈ ತಿಂಗಳು. ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸಬೇಕಿತ್ತು. ಮೈಲುತುತ್ತ, ಸುಣ್ಣ ತಂದಿಟ್ಟು, ಎರಡು ದಿನ ಮಳೆ ಹೊಳವಾದರೆ ಸಾಕು ಎಂದು ಕಾಯುತ್ತಿದ್ದೆ. ಕೊನೆಗೌಡ ಹೇಳಿ ಹೋಗಿದ್ದ, "ಮಳೆ ಬಿಟ್ಟ ದಿನ ಬೆಳಿಗ್ಗೆ ಫೋನ್ ಮಾಡ್ತೆ ಭಟ್ರೇ. ನೀವು ಹೂಂ ಅಂದ್ರೆ ಬರ್ತೆ."

ಮಳೆ ಬಿಟ್ಟಿತು. ಅವನು ಫೋನ್ ಮಾಡಿದ. ನಮ್ಮ ಮನೆಗೆ ಫೋನು ತಾಗಲಿಲ್ಲ. ಅವನು ಬೇರೆಯವರ ತೋಟಕ್ಕೆ ಹೋದ. ಮತ್ತೆ ನಮ್ಮಲ್ಲಿಗೆ ಬಂದದ್ದು 12 ದಿವಸಗಳ ಮೇಲೆ. ಅಷ್ಟರಲ್ಲಿ ಕೊಳೆ ಕಾಣಿಸಿಯಾಗಿತ್ತು. ಆ ವರ್ಷ ತೋಟದ ಕೆಳಗಿನ ಅರ್ಧದಲ್ಲಿ ಮೂರರಲ್ಲಿ ಒಂದು ಪಾಲು ಅಡಿಕೆ ಉದುರಿತು.

ಇಷ್ಟಕ್ಕೆಲ್ಲ ಕಾರಣ ಫೋನು ಒಂದೇ ಎಂದು ಹೇಳುವುದಿಲ್ಲ. ಮಳೆ ಜಾಸ್ತಿಯಿತ್ತು, ಬಸಿಗಾಲುವೆಯೂ ಸರಿಯಿರಲಿಲ್ಲ. ಆದರೆ ಆ ಎರಡು ಒಣ ದಿನ ಕೈತಪ್ಪಿದ್ದು ಫೋನಿನಿಂದಲೇ. ಅದೂ ಫೋನು ಹಾಳಾಗಿರಲಿಲ್ಲ. ರಾತ್ರಿ ನಾನೇ ಒತ್ತಿದ ಒಂದು ಅಪ್‌ಡೇಟ್, ಬೆಳಿಗ್ಗೆ ನಾನೇ ಮಾಡಿದ ಒಂದು ರಿಪೇರಿ, ಎರಡೂ ಸೇರಿ ಹಾಗಾಯಿತು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ತಗ್ಗಿನಲ್ಲಿ ಮನೆ ಇರುವವರಿಗೆ ಉಪಯೋಗಕ್ಕೆ ಬಂದೀತು.

ವೈಫೈಯೇ ಮನೆಯ ಫೋನು

ಇಡಗುಂಜಿ ಪೇಟೆಯಲ್ಲಿ ಮೊಬೈಲು ಸಿಗ್ನಲ್ಲಿಗೆ ಕೊರತೆಯಿಲ್ಲ. ಅಲ್ಲಿಂದ ಒಳಗೆ, ಎರಡು ಗುಡ್ಡಗಳ ನಡುವೆ ಇಳಿದರೆ ಕತೆಯೇ ಬೇರೆ. ತೋಟ ಇರುವುದು ನೀರು ಇರುವಲ್ಲಿ, ನೀರು ಇರುವುದು ತಗ್ಗಿನಲ್ಲಿ, ತಗ್ಗಿಗೆ ಟವರಿನ ಅಲೆ ಇಳಿಯುವುದಿಲ್ಲ. ಮಾತಾಡಬೇಕಾದರೆ ಸೊಪ್ಪಿನ ಬೆಟ್ಟ ಹತ್ತಬೇಕು. ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡದ ಎಷ್ಟೋ ತೋಟದ ಮನೆಗಳದು ಇದೇ ಪಾಡು. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದು ಎಲ್ಲರಿಗೂ ನೆನಪಿದೆ.

ನಮ್ಮ ಮನೆಗೂ ಆ ಜೂನಿನಲ್ಲಿ ಮಗಳ ಪಾಠಕ್ಕಾಗಿ ಫೈಬರ್ ಲೈನು ಎಳೆಸಿದೆವು. ಮೋಡೆಮ್ ಪೆಟ್ಟಿಗೆ ಬಂತು, ವೈಫೈ ಬಂತು. ಜೊತೆಗೆ ನಿರೀಕ್ಷೆಯಿಲ್ಲದ ಇನ್ನೊಂದು ಅನುಕೂಲವೂ ಬಂತು. ಅದೇ ವೈಫೈ ಕಾಲಿಂಗ್. ಫೋನು ಟವರಿನ ಬದಲು ಮನೆಯ ವೈಫೈ ಮೂಲಕವೇ ಕಂಪೆನಿಗೆ ಕರೆ ದಾಟಿಸುತ್ತದೆ. ನಂಬರು ನಮ್ಮದೇ. ಆಚೆಯವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವಾಟ್ಸಾಪ್ ಇಲ್ಲದ ಸಾದಾ ಫೋನಿನಿಂದಲೂ ನಮಗೆ ಕರೆ ಬರುತ್ತದೆ. ಕೊನೆಗೌಡನದು ಅಂಥ ಫೋನೇ.

ಈ ಸೌಲಭ್ಯ ಬಂದದ್ದೇ ಅಪ್‌ಡೇಟಿನಿಂದ ಎಂಬುದನ್ನು ಗಮನಿಸಬೇಕು. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ ಮೊದಲು ದೆಹಲಿಯಲ್ಲಿ ಸುರುಮಾಡಿತು. ಸ್ವಲ್ಪ ದಿವಸದಲ್ಲೇ ಕರ್ನಾಟಕಕ್ಕೂ ಕೊಟ್ಟಿತು. ಜಿಯೋ 2020ರ ಜನವರಿಯಲ್ಲಿ ಕೊಟ್ಟಿತು. ಬಿಎಸ್‌ಎನ್‌ಎಲ್ ದೇಶದ ಎಲ್ಲ ಕಡೆ ಕೊಟ್ಟದ್ದು 2026ರ ಜನವರಿಯಲ್ಲಿ. ಮೊದಲಿಗೆ ಕೆಲವೇ ಮಾದರಿಯ ಫೋನುಗಳಲ್ಲಿ ಇದು ನಡೆಯುತ್ತಿತ್ತು. ಉಳಿದವಕ್ಕೆ ಫೋನ್ ಕಂಪೆನಿಗಳು ಒಂದೊಂದಾಗಿ ಹೊಸ ತಂತ್ರಾಂಶ ಕಳಿಸಿದ ಮೇಲೆ ಬಂತು. ಅಂದರೆ ಕೈಯಲ್ಲಿರುವ ಹಳೆಯ ಫೋನಿಗೇ, ಒಂದು ಸ್ಕ್ರೂ ಬಿಚ್ಚದೆ, ಹೊಸ ಕೆಲಸ ಕಲಿಸಿದ ಹಾಗೆ. ಅಪ್‌ಡೇಟ್ ಎಂದರೆ ಬರೀ ಕಿರಿಕಿರಿ ಎನ್ನುವವರು ಇದನ್ನು ನೆನಪಿಡಬೇಕು.

ಆ ರಾತ್ರಿ ಆದದ್ದು

ಫೋನಿನ ಮೇಲೆ ಹಲವು ದಿವಸಗಳಿಂದ 'ಅಪ್‌ಡೇಟ್ ಇದೆ' ಎಂದು ತೋರಿಸುತ್ತಿತ್ತು. ಮಲಗುವ ಮೊದಲು ಹೂಂ ಎಂದು ಒತ್ತಿದೆ. ಆಂಡ್ರಾಯ್ಡ್ 9 ಇದ್ದದ್ದು 10 ಆಯಿತು. ಬೆಳಿಗ್ಗೆ ನೋಡಿದರೆ ವಾಟ್ಸಾಪ್ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ, ಬರುವುದಿಲ್ಲ.

ವೈಫೈ ಕೆಟ್ಟಿತು ಎಂದುಕೊಂಡೆ. 'ಒಮ್ಮೆ ಫರ್ಗೆಟ್ ಕೊಟ್ಟು ಮತ್ತೆ ಸೇರಿಸಿದರೆ ಸರಿಯಾಗ್ತದೆ' ಎಂದು ಎಲ್ಲೋ ಕೇಳಿದ್ದೆ. ಹಾಗೇ ಮಾಡಿದೆ. ಪಾಸ್‌ವರ್ಡ್ ಸರಿಯಾಗೇ ಹಾಕಿದೆ. ಈಗ ವಾಟ್ಸಾಪೂ ಹೋಯಿತು. ಎಷ್ಟು ಸಲ ಮಾಡಿದರೂ ಫೋನು ವೈಫೈಗೆ ಸೇರಲೇ ಇಲ್ಲ.

ಹೊನ್ನಾವರದ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯ ವೈಫೈಗೆ ತಕ್ಷಣ ಸೇರಿತು. "ಫೋನು ಸರಿ ಉಂಟು, ನಿಮ್ಮ ಮೋಡೆಮ್ ಹಾಳು" ಎಂದರು. ಲೈನಿನವರನ್ನು ಕರೆಸಿದೆ. ಅವರ ಫೋನು, ಮಗಳ ಫೋನು ಎರಡೂ ನಡೆದವು. "ಮೋಡೆಮ್ ಸರಿ ಉಂಟು, ನಿಮ್ಮ ಫೋನು ಹಾಳು" ಎಂದರು. ಇದರಲ್ಲಿ ನಾಲ್ಕು ದಿನ ಹೋಯಿತು. ದಿನಕ್ಕೊಮ್ಮೆ ಬೆಟ್ಟ ಹತ್ತುತ್ತಿದ್ದೆ. ನಾನು ಮೇಲೆ ಹೋಗಿ ಫೋನ್ ಮಾಡಿದಾಗ ಕೊನೆಗೌಡ ಮರದ ಮೇಲೆ. ಅವನು ಮರ ಇಳಿದು ಮಾಡಿದಾಗ ನಾನು ಕೆಳಗೆ ಮನೆಯಲ್ಲಿ. ಮಗಳ ಫೋನಿನ ನಂಬರು ಅವನಿಗೆ ಕೊಟ್ಟಿರಲಿಲ್ಲ.

ಕೊನೆಗೆ ಬಿಡಿಸಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. ಮಗಳ ಫೋನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ತೋರಿಸು ಎಂದ. ಹತ್ತು ನಿಮಿಷ ನೋಡಿ ಹೇಳಿದ, "ಮಾವಾ, ಫೋನೂ ಹಾಳಾಗಿಲ್ಲ, ಮೋಡೆಮ್ಮೂ ಹಾಳಾಗಿಲ್ಲ. ಒಂದಕ್ಕೊಂದು ಗುರುತು ಸಿಕ್ತಾ ಇಲ್ಲ ಅಷ್ಟೇ."

ಅವನ ಮಾತು ಅರ್ಥವಾಗಬೇಕಾದರೆ ಫೋನಿನೊಳಗೆ ವೈಫೈ ಹೇಗೆ ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು.

ಫೋನಿನೊಳಗೆ ಮೂರು ಜನ

ವೈಫೈ ಎನ್ನುವುದು ಫೋನಿನೊಳಗಿನ ಒಂದು ಸಣ್ಣ ರೇಡಿಯೋ. ಬೆರಳುಗುರಿಗಿಂತ ಸಣ್ಣ ಚಿಪ್ಪು. ಸುಮಾರು 2000ನೇ ಇಸವಿಯ ಹೊತ್ತಿಗೆ ಅಂಗೈ ಕಂಪ್ಯೂಟರುಗಳಿಗೆ ಇದನ್ನು ಹೊರಗಿನಿಂದ ಕಾರ್ಡಿನ ಹಾಗೆ ಸಿಕ್ಕಿಸಬೇಕಿತ್ತು. ವೈಫೈ ಅಡಾಪ್ಟರ್ ಎನ್ನುತ್ತಿದ್ದರು. ಅದನ್ನು ನಡೆಸುವ ತಂತ್ರಾಂಶವನ್ನು ಬೇರೆಯೇ ಹಾಕಿಕೊಳ್ಳಬೇಕಿತ್ತು. ಈಗ ಎರಡೂ ಫೋನಿನೊಳಗೇ ಬರುವುದರಿಂದ ನಮಗೆ ಕಾಣುವುದಿಲ್ಲ. ಕಾಣದಿದ್ದರೂ ಕೆಲಸ ಹಿಂದಿನ ಹಾಗೇ ಇದೆ.

ಈ ರೇಡಿಯೋ ನಡೆಯಲು ಮೂರು ಹಂತದ ತಂತ್ರಾಂಶ ಬೇಕು. ಮೊದಲನೆಯದು ಚಿಪ್ಪಿನೊಳಗೇ ಓಡುವ ಸಣ್ಣ ತಂತ್ರಾಂಶ, ಫರ್ಮ್‌ವೇರ್ ಎನ್ನುತ್ತಾರೆ. ಅಲೆ ಕಳಿಸುವುದು, ಹಿಡಿಯುವುದು ಇದರ ಕೆಲಸ. ಎರಡನೆಯದು ಡ್ರೈವರ್. ಫೋನಿನ ಮಾತನ್ನು ಚಿಪ್ಪಿಗೆ, ಚಿಪ್ಪಿನ ಮಾತನ್ನು ಫೋನಿಗೆ ತಿಳಿಸುವ ಮಧ್ಯಸ್ಥ. ಮೂರನೆಯದು ಮೇಲಿನದು, ನಾವು 'ಸೆಟ್ಟಿಂಗ್ಸ್' ಎಂದು ತೆರೆದು ನೋಡುವ ಭಾಗ ಮತ್ತು ಅದರ ಹಿಂದಿನ ವ್ಯವಸ್ಥೆ. ಯಾವ ವೈಫೈಗೆ ಸೇರಬೇಕು, ಪಾಸ್‌ವರ್ಡ್ ಏನು, ಕರೆಯನ್ನು ವೈಫೈಯಲ್ಲಿ ಕಳಿಸಬೇಕೋ ಬೇಡವೋ, ಇದೆಲ್ಲ ಇಲ್ಲಿ ನಿರ್ಧಾರ.

ನಮ್ಮ ಕಡೆಯವರಿಗೆ ಇದು ಕಷ್ಟವಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದರು. ಆವತ್ತಿನಿಂದ ಆಟ ನೋಡಿ ಬೆಳೆದ ಊರು ಇದು. ಮೇಲಿನ ವ್ಯವಸ್ಥೆ ಭಾಗವತನ ಹಾಗೆ, ಡ್ರೈವರ್ ಮದ್ದಳೆಗಾರನ ಹಾಗೆ, ಚಿಪ್ಪು ವೇಷಧಾರಿಯ ಹಾಗೆ. ಭಾಗವತ ತಾಳ ಬದಲಿಸಿದ್ದು ಮದ್ದಳೆಯವನಿಗೆ ಗೊತ್ತಾಗದಿದ್ದರೆ ವೇಷದ ಹೆಜ್ಜೆ ತಪ್ಪುತ್ತದೆ. ಮೂವರೂ ಚೆನ್ನಾಗಿ ಬಲ್ಲವರೇ ಆಗಿದ್ದರೂ ಆಟ ಕೆಡುತ್ತದೆ.

ಅಪ್‌ಡೇಟ್ ಎಂದರೆ ಈ ಮೂವರಲ್ಲಿ ಒಬ್ಬರನ್ನೋ ಮೂವರನ್ನೋ ಬದಲಿಸುವುದು. ಚಿಪ್ಪು ಮಾಡುವವರು ಬೇರೆ, ಆಂಡ್ರಾಯ್ಡ್ ಮಾಡುವ ಗೂಗಲ್ ಬೇರೆ, ಫೋನು ಮಾಡುವವರು ಬೇರೆ. ಕ್ವಾಲ್ಕಾಮ್, ಮೀಡಿಯಾಟೆಕ್, ಬ್ರಾಡ್‌ಕಾಮ್ ಇವು ಚಿಪ್ಪಿನ ಕಂಪೆನಿಗಳು. ಅವರು ತಿದ್ದಿದ್ದನ್ನು ಫೋನಿನವರು ತಮ್ಮ ಮಾದರಿಗೆ ಹೊಂದಿಸಿ, ಪರೀಕ್ಷೆ ಮಾಡಿ ನಮಗೆ ಕಳಿಸಬೇಕು. ಅದಕ್ಕೇ ಒಂದೇ ಅಪ್‌ಡೇಟ್ ಒಬ್ಬರಿಗೆ ಇವತ್ತು ಬಂದರೆ ಇನ್ನೊಬ್ಬರಿಗೆ ಆರು ತಿಂಗಳ ಮೇಲೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ.

ಗುರುತು ತಪ್ಪಿದ್ದು ಹೇಗೆ?

ಈಗ ನನ್ನ ಫೋನಿನ ವಿಷಯ. ಅಲ್ಲಿ ಎರಡು ಸಂಗತಿ ಒಟ್ಟಾಗಿದ್ದವು.

ಒಂದು, ಅಪ್‌ಡೇಟ್ ಆದ ಮೇಲೆ ವೈಫೈ ಕಾಲಿಂಗಿನ ಗುಂಡಿ ತಾನೇ ಆಫ್ ಆಗಿತ್ತು. ವಾಟ್ಸಾಪ್ ಬಂದು ಕರೆ ಬಾರದಿದ್ದುದಕ್ಕೆ ಇಷ್ಟೇ ಕಾರಣ. ಆ ಗುಂಡಿ ಒತ್ತಿದ್ದರೆ ಒಂದು ನಿಮಿಷದ ಕೆಲಸ.

ಎರಡನೆಯದು ನನ್ನ ಕೈಯಾರೆ ಮಾಡಿದ್ದು. ಪ್ರತಿ ವೈಫೈ ಚಿಪ್ಪಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಗುರುತು ಸಂಖ್ಯೆ ಇರುತ್ತದೆ. ಮ್ಯಾಕ್ ವಿಳಾಸ ಎನ್ನುತ್ತಾರೆ. ಎತ್ತಿನ ಕಿವಿಯ ಓಲೆಯ ಮೇಲಿನ ನಂಬರಿನ ಹಾಗೆ. ಫೋನು ವೈಫೈಗೆ ಸೇರುವಾಗ ಈ ಸಂಖ್ಯೆ ಹೇಳಿಯೇ ಸೇರುತ್ತದೆ. ನಾನು ಲೈನು ಹಾಕಿಸುವಾಗ, ಪಾಠಕ್ಕೆ ಸ್ಪೀಡು ಕಡಿಮೆಯಾಗಬಾರದೆಂದು 'ನಮ್ಮ ಮನೆಯ ಫೋನುಗಳಿಗೆ ಮಾತ್ರ ಸಿಗುವ ಹಾಗೆ ಮಾಡಿಕೊಡಿ' ಎಂದಿದ್ದೆ. ಅವರು ನಮ್ಮ ಫೋನುಗಳ ಸಂಖ್ಯೆಯನ್ನು ಮೋಡೆಮ್ಮಿನ ಪಟ್ಟಿಗೆ ಸೇರಿಸಿದ್ದರು. ಪಟ್ಟಿಯಲ್ಲಿ ಇಲ್ಲದವರಿಗೆ ಪಾಸ್‌ವರ್ಡ್ ಗೊತ್ತಿದ್ದರೂ ಪ್ರವೇಶ ಇಲ್ಲ. ಲೈನಿನವರ ಫೋನಿನ ಸಂಖ್ಯೆ ಲೈನು ಹಾಕಿದ ದಿನವೇ ಪಟ್ಟಿಯಲ್ಲಿತ್ತು, ಆದ್ದರಿಂದ ಅದು ಸೇರಿತು.

2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಅಂಗಡಿ, ಬಸ್‌ಸ್ಟ್ಯಾಂಡು, ವಿಮಾನ ನಿಲ್ದಾಣಗಳಲ್ಲಿ ಈ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಯಾರು ಯಾವಾಗ ಎಲ್ಲಿಗೆ ಬಂದರು ಎಂದು ಹಿಂಬಾಲಿಸಲು ಸಾಧ್ಯವಿತ್ತು. ಅದನ್ನು ತಪ್ಪಿಸಲು ಫೋನು ಹೊಸದಾಗಿ ಸೇರುವ ಪ್ರತಿ ವೈಫೈಗೂ ಒಂದೊಂದು ಬೇರೆ, ಕಟ್ಟಿಕೊಂಡ ಸಂಖ್ಯೆ ಹೇಳತೊಡಗಿತು. ಐಫೋನಿಗೆ ಇದು 2020ರಲ್ಲಿ ಬಂತು. ಒಳ್ಳೆಯ ಉದ್ದೇಶವೇ. ಆದರೆ ನನ್ನ ವಿಷಯದಲ್ಲಿ ಏನಾಯಿತು ನೋಡಿ. ಅಪ್‌ಡೇಟ್ ಆದ ಮೇಲೂ ಮೊದಲೇ ನೆನಪಿಟ್ಟುಕೊಂಡಿದ್ದ ಮನೆಯ ವೈಫೈಗೆ ಫೋನು ಹಳೆಯ ಸಂಖ್ಯೆಯನ್ನೇ ಹೇಳುತ್ತಿತ್ತು. ನಾನು 'ಫರ್ಗೆಟ್' ಕೊಟ್ಟು ಹೊಸದಾಗಿ ಸೇರಿಸಿದೆ. ಆಗ ಅದಕ್ಕೆ ಅದು ಹೊಸ ವೈಫೈ, ಹೊಸ ಸಂಖ್ಯೆ ಹೇಳಿತು. ಮೋಡೆಮ್ಮಿನ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲ. ಬಾಗಿಲು ಮುಚ್ಚಿತು.

ಪರಿಹಾರ ಸುಲಭ. ಸೆಟ್ಟಿಂಗ್ಸಿನಲ್ಲಿ ವೈಫೈ ತೆರೆದು, ಮನೆಯ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿದರೆ 'ಪ್ರೈವಸಿ' ಅಥವಾ 'ಮ್ಯಾಕ್ ಅಡ್ರೆಸ್ ಟೈಪ್' ಎಂದು ಸಿಗುತ್ತದೆ. ಅಲ್ಲಿ 'ರ‍್ಯಾಂಡಮೈಸ್ಡ್ ಮ್ಯಾಕ್' ಎಂದಿದ್ದದ್ದನ್ನು 'ಡಿವೈಸ್ ಮ್ಯಾಕ್' ಅಥವಾ 'ಫೋನ್ ಮ್ಯಾಕ್' ಎಂದು ಬದಲಿಸಬೇಕು. ಮನೆಯ ವೈಫೈಗೆ ಮಾತ್ರ ಹೀಗೆ ಮಾಡಿದರೆ ಸಾಕು, ಹೊರಗಿನದಕ್ಕೆ ಬೇಡ. ಇನ್ನೊಂದು ದಾರಿ, ಮೋಡೆಮ್ಮಿನ ಪಟ್ಟಿಯನ್ನೇ ತೆಗೆಸಿ ಗಟ್ಟಿ ಪಾಸ್‌ವರ್ಡ್ ಇಡುವುದು. ನಾನು ಕೊನೆಗೆ ಹಾಗೇ ಮಾಡಿದೆ. ಸಂಖ್ಯೆಯನ್ನು ಕದ್ದು ಹೇಳುವುದು ತಿಳಿದವರಿಗೆ ಕಷ್ಟವಲ್ಲವಾದ್ದರಿಂದ, ಆ ಪಟ್ಟಿಯಿಂದ ಸಿಗುವ ರಕ್ಷಣೆಯೂ ಅಷ್ಟಕ್ಕಷ್ಟೆ.

ಹಾಗಾದರೆ ಅಪ್‌ಡೇಟೇ ಬೇಡವೇ?

ಇಷ್ಟೆಲ್ಲ ಆದ ಮೇಲೆ 'ಇನ್ನು ಅಪ್‌ಡೇಟಿನ ಸುದ್ದಿಗೇ ಹೋಗುವುದಿಲ್ಲ' ಎಂದು ನಾನೂ ಎಂದದ್ದುಂಟು. ಅದು ತಪ್ಪು ಎಂದು ತಿಳಿದದ್ದು ಎರಡು ಸಂಗತಿ ಓದಿದ ಮೇಲೆ.

2017ರ ಜುಲೈಯಲ್ಲಿ ಬ್ರಾಡ್‌ಕಾಮ್ ಕಂಪೆನಿಯ ವೈಫೈ ಚಿಪ್ಪುಗಳ ಫರ್ಮ್‌ವೇರಿನಲ್ಲಿ ಒಂದು ದೋಷ ಹೊರಬಿತ್ತು. 'ಬ್ರಾಡ್‌ಪೋನ್' ಎಂದು ಹೆಸರಿಟ್ಟರು. ವೈಫೈ ಅಲೆ ತಾಗುವಷ್ಟು ಹತ್ತಿರ ಇರುವ ಕಳ್ಳ, ನಾವು ಫೋನು ಮುಟ್ಟದಿದ್ದರೂ, ಏನನ್ನೂ ಒತ್ತದಿದ್ದರೂ, ಚಿಪ್ಪಿನೊಳಗೆ ತನ್ನ ತಂತ್ರಾಂಶ ಓಡಿಸಲು ಸಾಧ್ಯವಿತ್ತು. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆ ಚಿಪ್ಪಿನ ಫೋನುಗಳು ಲೆಕ್ಕವಿಲ್ಲದಷ್ಟು. ಗೂಗಲ್, ಆಪಲ್ ಎರಡೂ ಅದೇ ತಿಂಗಳು ಅಪ್‌ಡೇಟ್ ಕೊಟ್ಟವು.

ಅದೇ ವರ್ಷ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಲುವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕರು ಇನ್ನೊಂದನ್ನು ಹೇಳಿದರು. ಇದು ಯಾವುದೋ ಒಂದು ಚಿಪ್ಪಿನ ದೋಷವಲ್ಲ. ಮನೆಮನೆಯ ವೈಫೈಯಲ್ಲಿ ಬಳಸುವ 'ಡಬ್ಲ್ಯುಪಿಎ 2' ಎಂಬ ಬೀಗದ ಪದ್ಧತಿಯಲ್ಲೇ ಇದ್ದ ದೋಷ. ಫೋನೂ ಮೋಡೆಮ್ಮೂ ಕೈಕುಲುಕಿ ಬೀಗದ ಕೈ ಒಪ್ಪಿಕೊಳ್ಳುವ ಹೊತ್ತಿನಲ್ಲಿ ನಡುವೆ ನಿಂತವನು, ಒಮ್ಮೆ ಬಳಸಿದ ಕೈಯನ್ನೇ ಮತ್ತೆ ಬಳಸುವ ಹಾಗೆ ಮಾಡಬಹುದಿತ್ತು. ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನ ಇಲ್ಲ. 'ಕ್ರ್ಯಾಕ್' ಎಂಬ ಹೆಸರಿನ ಈ ದೋಷಕ್ಕೂ ಮದ್ದು ಅಪ್‌ಡೇಟ್ ಒಂದೇ. 2021ರ ಮೇ ತಿಂಗಳಲ್ಲಿ ಅವರೇ ಮತ್ತೆ ಕೆಲವು ದೋಷಗಳನ್ನು ಹೊರಗೆಡವಿದರು. ಅದಕ್ಕೂ ಇದೇ ಮದ್ದು.

'ನಮ್ಮ ತೋಟದ ಮನೆಗೆ ಯಾವ ಕಳ್ಳ ಬರುತ್ತಾನೆ?' ಎಂದು ಕೇಳಬಹುದು. ಸರಿ, ಈ ದೋಷಗಳಿಗೆ ಕಳ್ಳ ಹತ್ತಿರವೇ ಇರಬೇಕು. ಆದರೆ ಫೋನು ಮನೆಯಲ್ಲೇ ಇರುವುದಿಲ್ಲವಲ್ಲ. ಕುಮಟೆಗೆ ಅಡಿಕೆ ತೆಗೆದುಕೊಂಡು ಹೋಗುತ್ತೇವೆ, ಆಸ್ಪತ್ರೆ, ಲಾಡ್ಜು, ರೈಲ್ವೆ ನಿಲ್ದಾಣದಲ್ಲಿ ಬಿಟ್ಟಿ ವೈಫೈ ಹಿಡಿಯುತ್ತೇವೆ. ಸೊಸೈಟಿಯ, ಬ್ಯಾಂಕಿನ ವ್ಯವಹಾರವೆಲ್ಲ ಅದೇ ಫೋನಿನಲ್ಲಿ. ಬ್ಯಾಂಕಿನ ಆಪ್‌ಗಳಿಗೆ ತಮ್ಮದೇ ಬೇರೆ ಬೀಗ ಇರುತ್ತದೆ ನಿಜ. ಹಾಗೆಂದು ಬೇಲಿಯ ದಣಪೆ ತೆರೆದಿಟ್ಟು, ಮನೆಬಾಗಿಲಿಗೆ ಬೀಗ ಇದೆಯಲ್ಲ ಎಂದರೆ ದನ ತೋಟಕ್ಕೆ ನುಗ್ಗದೆ ಇದ್ದೀತೇ?

ಬೋರ್ಡೋ ಹೊಡೆಯುವುದು ಕೊಳೆ ಬರುವ ಮೊದಲು. ಬಂದ ಮೇಲೆ ಹೊಡೆದರೆ ಉಳಿದದ್ದು ಉಳಿದೀತು, ಹೋದದ್ದು ಬರುವುದಿಲ್ಲ. ಅಪ್‌ಡೇಟೂ ಹಾಗೇ. ಬೋರ್ಡೋವನ್ನು ಸುರಿಯುವ ಮಳೆಯಲ್ಲಿ ಯಾರೂ ಹೊಡೆಯುವುದಿಲ್ಲ. ನಾನು ಅಪ್‌ಡೇಟನ್ನು ಹೊಡೆದದ್ದು ಹಾಗೆ. ಮದ್ದು ತಪ್ಪಲ್ಲ, ಹೊತ್ತು ತಪ್ಪು.

ಈಗ ನಾನು ಮಾಡುವ ಕ್ರಮ

ಅಪ್‌ಡೇಟಿನಲ್ಲಿ ಎರಡು ಜಾತಿ. ತಿಂಗಳಿಗೋ ಮೂರು ತಿಂಗಳಿಗೋ ಬರುವ 'ಸೆಕ್ಯುರಿಟಿ' ಅಪ್‌ಡೇಟ್ ಸಣ್ಣದು, ದೋಷ ಮುಚ್ಚಲು ಬರುವಂಥದು. ಇದನ್ನು ಬಂದ ವಾರದೊಳಗೆ ಮಾಡುತ್ತೇನೆ. ಆಂಡ್ರಾಯ್ಡಿನ ನಂಬರೇ ಬದಲಾಗುವ ದೊಡ್ಡ ಅಪ್‌ಡೇಟ್ ವರ್ಷಕ್ಕೊಮ್ಮೆ ಬರಬಹುದು. ಪದ್ಧತಿಗಳು ಬದಲಾಗುವುದು ಇದರಲ್ಲಿ. ಇದಕ್ಕೆ ಎರಡು ಮೂರು ವಾರ ಕಾಯುತ್ತೇನೆ. ಅದೇ ಮಾದರಿಯ ಫೋನು ಇರುವ ಬೇರೆಯವರಿಗೆ ಏನಾಯಿತು ಎಂದು ವಿಚಾರಿಸುತ್ತೇನೆ. ಆಮೇಲೆ ಕೆಲಸ ಕಡಿಮೆ ಇರುವ ದಿನ ಮಾಡುತ್ತೇನೆ. ಔಷಧ ಹೊಡೆಯುವ ವಾರ, ಕೊನೆಕೊಯ್ಲಿನ ವಾರ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ಮುಟ್ಟುವುದಿಲ್ಲ. ಸಾಧ್ಯವಾದಷ್ಟು ಮೇ ಕೊನೆಯೊಳಗೆ ಮುಗಿಸಿ ಮಳೆಗಾಲಕ್ಕೆ ತಯಾರಾಗುತ್ತೇನೆ.

ಮಾಡುವ ಮೊದಲು ಇಷ್ಟು:

1. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ. ನಡುವೆ ಫೋನು ಆರಬಾರದು.

2. ವೈಫೈಯಲ್ಲೇ ಇಳಿಸಿಕೊಳ್ಳಿ. ದೊಡ್ಡ ಅಪ್‌ಡೇಟ್ ಒಂದೆರಡು ಜಿಬಿ ಇರುವುದುಂಟು. ಮೊಬೈಲು ಡಾಟಾ ದಿನದ್ದು ಅಲ್ಲಿಗೇ ಮುಗಿಯುತ್ತದೆ.

3. ಫೋಟೊ, ನಂಬರುಗಳ ಒಂದು ಪ್ರತಿ ಬೇರೆ ಕಡೆ ಇರಲಿ. ಬೆಳೆ ಸಮೀಕ್ಷೆಯ ಫೋಟೊ ಕಳಿಸುವುದು ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ.

4. ವೈಫೈ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಡಿ. ಕೊನೆಗೌಡ, ಡಾಕ್ಟರು, ಲೈನ್‌ಮನ್ ಇವರ ನಂಬರುಗಳನ್ನೂ. ನಮ್ಮಲ್ಲಿ ಈಗ ಪಂಚಾಂಗದ ಹಿಂದಿನ ಹಾಳೆಯಲ್ಲಿ ಇವೆಲ್ಲ ಇವೆ.

5. ಮನೆಯಲ್ಲಿ ಎರಡು ಫೋನಿದ್ದರೆ ಎರಡಕ್ಕೂ ಒಂದೇ ದಿನ ಮಾಡಬೇಡಿ. ಒಂದು ಸರಿಯಾದ ಮೇಲೆ ಇನ್ನೊಂದು. ಎರಡೂ ನಂಬರು ಬೇಕಾದವರ ಹತ್ತಿರ ಇರಲಿ.

6. ಗುಡುಗು ಸಿಡಿಲಿನ ಹೊತ್ತಿನಲ್ಲಿ ಬೇಡ. ಆಗ ಮೋಡೆಮ್ಮಿನ ಕರೆಂಟು ತೆಗೆದಿಡುವುದೇ ಲಾಯಕ್ಕು. ಅಪ್‌ಡೇಟನ್ನು ರಾತ್ರಿಗಿಂತ ಬೆಳಿಗ್ಗೆ ಮಾಡಿದರೆ, ಏನಾದರೂ ಆದರೆ ನೋಡಲು ಇಡೀ ಹಗಲು ಸಿಗುತ್ತದೆ.

ಮಾಡಿದ ಮೇಲೆ ಇಷ್ಟು ನೋಡಿ:

1. ಫೋನನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಮೋಡೆಮ್ಮನ್ನೂ ಎರಡು ನಿಮಿಷ ಆರಿಸಿ ಹಚ್ಚಿ. ಅರ್ಧಕ್ಕರ್ಧ ತೊಂದರೆ ಇಷ್ಟರಲ್ಲೇ ಹೋಗುತ್ತದೆ.

2. 'ವೈಫೈ ಕಾಲಿಂಗ್' ಆನ್ ಇದೆಯೇ ನೋಡಿ. ಸಿಮ್ಮಿನ ಸೆಟ್ಟಿಂಗ್ಸಿನಲ್ಲಿ ಇರುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಗುಂಡಿ.

3. ಒಂದು ಕರೆ ಮಾಡಿ ನೋಡಿ, ಒಂದು ಕರೆ ತರಿಸಿಕೊಂಡೂ ನೋಡಿ. ಹೋಗುವುದು ಸರಿಯಿದ್ದು ಬರುವುದು ಇಲ್ಲದಿರಬಹುದು.

4. ವೈಫೈ ಸೇರುತ್ತಿಲ್ಲವಾದರೆ ಮೇಲೆ ಹೇಳಿದ ಮ್ಯಾಕ್ ವಿಳಾಸದ ಆಯ್ಕೆ ನೋಡಿ. ಅದನ್ನು ನೋಡದೆ 'ಫರ್ಗೆಟ್' ಒತ್ತಬೇಡಿ.

5. ಯಾವುದೂ ಆಗದಿದ್ದರೆ ಕಡೆಯ ಉಪಾಯ 'ನೆಟ್‌ವರ್ಕ್ ರೀಸೆಟ್'. ಇದರಿಂದ ಫೋಟೊ, ನಂಬರು ಹೋಗುವುದಿಲ್ಲ. ನೆನಪಿಟ್ಟ ವೈಫೈ ಪಾಸ್‌ವರ್ಡುಗಳು, ಬ್ಲೂಟೂತ್ ಜೋಡಣೆಗಳು ಹೋಗುತ್ತವೆ. ಅದಕ್ಕೇ ಪಾಸ್‌ವರ್ಡ್ ಕಾಗದದಲ್ಲಿ ಬೇಕೆಂದದ್ದು.

ಮೋಡೆಮ್ಮಿಗೂ ತನ್ನದೇ ತಂತ್ರಾಂಶ ಇದೆ, ಅದಕ್ಕೂ ಅಪ್‌ಡೇಟ್ ಬರುತ್ತದೆ. ಕೈಕುಲುಕುವುದು ಇಬ್ಬರು ಸೇರಿ ತಾನೇ. ಲೈನಿನವರು ಯಾವುದಾದರೂ ಕೆಲಸಕ್ಕೆ ಬಂದಾಗ ಅದನ್ನೂ ನೋಡಿಸಿಕೊಳ್ಳಿ. ಮೋಡೆಮ್ಮಿನ ಬೀಗವನ್ನು ಹೊಸ 'ಡಬ್ಲ್ಯುಪಿಎ 3' ಒಂದಕ್ಕೇ ಇಟ್ಟರೆ ಹಳೆಯ ಫೋನುಗಳು ಸೇರುವುದಿಲ್ಲ. 2 ಮತ್ತು 3 ಎರಡೂ ಇರುವ ಆಯ್ಕೆ ಕೇಳಿ.

ಅಪ್‌ಡೇಟಿನಿಂದ ಸರಿಯಾಗದ್ದು

ಎಲ್ಲದಕ್ಕೂ ಅಪ್‌ಡೇಟನ್ನು ಬೈಯುವುದೂ ಬೇಡ, ನಂಬುವುದೂ ಬೇಡ. ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆ ವೈಫೈಗೆ ದೊಡ್ಡ ತಡೆ. ಮೋಡೆಮ್ ಒಳಕೋಣೆಯಲ್ಲಿದ್ದರೆ ಜಗಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಜಗಲಿಯ ಮಾಡಿನ ಕೆಳಗೆ, ಆಳೆತ್ತರಕ್ಕೆ, ನೀರು ಸಿಡಿಯದ ಕಡೆ ಇಟ್ಟರೆ ಅಂಗಳಕ್ಕೂ ಕೊಟ್ಟಿಗೆಗೂ ಸಿಗುತ್ತದೆ. ಹಸಿರು ಎಲೆ, ಅದರಲ್ಲೂ ಮಳೆನೀರಿನಲ್ಲಿ ತೊಯ್ದ ಎಲೆ ಅಲೆಯನ್ನು ಹೀರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತೋಟದಂಚಿನ ತನಕ ಸಿಗುತ್ತಿದ್ದದ್ದು ಆಷಾಢದಲ್ಲಿ ಸಿಗದಿದ್ದರೆ ಫೋನಿನ ತಪ್ಪಲ್ಲ.

ಮೋಡೆಮ್ಮಿನಲ್ಲಿ ಸಾಮಾನ್ಯವಾಗಿ ಎರಡು ವೈಫೈ ಹೆಸರು ಕಾಣುತ್ತದೆ, 2.4 ಮತ್ತು 5. ಐದರದ್ದು ವೇಗ ಜಾಸ್ತಿ, ದೂರ ಕಡಿಮೆ. ಗೋಡೆ, ಎಲೆ ದಾಟುವುದರಲ್ಲಿ 2.4 ಮೇಲು. ಕರೆಗೆ ಅದೇ ಸಾಕು.

ದೊಡ್ಡ ಕೊರತೆ ಕರೆಂಟಿನದು. ಕರೆಂಟು ಹೋದರೆ ಮೋಡೆಮ್ ಆರುತ್ತದೆ, ಮನೆಯ ಫೋನೂ ಹೋಯಿತು. ಇನ್ವರ್ಟರ್ ಇಲ್ಲದವರು ಮೋಡೆಮ್ಮಿಗೆಂದೇ ಸಿಗುವ ಸಣ್ಣ 12 ವೋಲ್ಟಿನ ಯುಪಿಎಸ್ ಇಟ್ಟುಕೊಳ್ಳಬಹುದು. ಕೆಲವು ತಾಸು ನಡೆಯುತ್ತದೆ. ಫೈಬರ್ ಲೈನಿನ ಮೇಲೆ ಮರ ಬಿದ್ದರೆ ಅದೂ ಇಲ್ಲ. ಆದ್ದರಿಂದ ಬೆಟ್ಟದ ಮೇಲೆ ಸಿಗ್ನಲ್ ಸಿಗುವ ಜಾಗದ ದಾರಿ ಸವರಿಟ್ಟುಕೊಳ್ಳುವುದನ್ನು ನಾವಿನ್ನೂ ಬಿಟ್ಟಿಲ್ಲ.

ಕೊಳ್ಳುವಾಗ ಕೇಳಿ, ಸುಳ್ಳಿಗೆ ಮರುಳಾಗಬೇಡಿ

ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂಬುದನ್ನು ಫೋನು ಕೊಳ್ಳುವಾಗಲೇ ಕೇಳಬೇಕು. ಗೂಗಲ್ 2023ರಿಂದ, ಸ್ಯಾಮ್‌ಸಂಗ್ 2024ರಿಂದ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ಕೊಡುವ ಮಾತು ಕೊಟ್ಟಿವೆ. ನಮ್ಮಂಥವರು ಕೊಳ್ಳುವ ಅಗ್ಗದ ಫೋನುಗಳಿಗೆ ಇದಕ್ಕಿಂತ ಬಹಳ ಕಡಿಮೆ. ಕ್ಯಾಮೆರಾ ಎಷ್ಟು ಎಂದು ಕೇಳುವ ಹಾಗೇ ಇದನ್ನೂ ಕೇಳಿ. ಈಗಿರುವ ಫೋನಿನಲ್ಲಿ 'ಅಬೌಟ್ ಫೋನ್' ಒಳಗೆ ಸೆಕ್ಯುರಿಟಿ ಅಪ್‌ಡೇಟಿನ ತಾರೀಖು ಇರುತ್ತದೆ. ಅದು ಎರಡು ವರ್ಷಕ್ಕಿಂತ ಹಳೆಯದಾದರೆ ಆ ಫೋನು ಮಾತಿಗೆ, ಹವಾಮಾನ ನೋಡಲಿಕ್ಕೆ ಇರಲಿ. ಹಣದ ವ್ಯವಹಾರ ಅದರಲ್ಲಿ ಬೇಡ.

ಕಡೆಯದಾಗಿ, ನಿಜವಾದ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸ್ ಒಳಗೆ ಮಾತ್ರ ಬರುತ್ತದೆ. ವಾಟ್ಸಾಪಿನಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ ಬರುವುದಿಲ್ಲ. 'ನಿಮ್ಮ ವೈಫೈ ಅಪ್‌ಡೇಟ್ ಮಾಡಿ', 'ಪಿಎಂ ಕಿಸಾನ್ ಹಣಕ್ಕೆ ಇದನ್ನು ಹಾಕಿಕೊಳ್ಳಿ' ಎಂದು 'ಎಪಿಕೆ' ಎಂಬ ಬಾಲವಿರುವ ಕಡತ ಬಂದರೆ ಅದು ಕಳ್ಳರದು. ಮುಟ್ಟದೆ ಅಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮೊನ್ನೆ ಕೊನೆಗೌಡ ಅಂಗಳದಲ್ಲಿ ಕೂತು ಚಾ ಕುಡಿಯುತ್ತಾ ಕೇಳಿದ, "ಭಟ್ರೇ, ಈ ಸಲ ಫೋನಿಗೆ ಔಷಧ ಹೊಡ್ದಾತಾ?" ಹೊಡೆದಾಗಿದೆ, ಮೇ ತಿಂಗಳಲ್ಲೇ, ಎಂದೆ. ಮಗಳ ನಂಬರನ್ನೂ ಅವನ ಫೋನಿಗೆ ಹಾಕಿಕೊಟ್ಟೆ.

ಬೇರೆ ಕಡೆಯ ಕೃಷಿಕರು, ವೈಫೈ ಕರೆಯನ್ನೇ ನಂಬಿಕೊಂಡವರು, ನಿಮ್ಮ ಅನುಭವವನ್ನೂ ಪತ್ರಿಕೆಗೆ ಬರೆಯಿರಿ. ಯಾವ ಅಪ್‌ಡೇಟಿನಲ್ಲಿ ಏನು ಕೈಕೊಟ್ಟಿತು, ಹೇಗೆ ಸರಿಮಾಡಿಕೊಂಡಿರಿ ಎಂದು ನಾಲ್ಕು ಸಾಲು ಬರೆದರೂ ಇನ್ನೊಬ್ಬರ ನಾಲ್ಕು ದಿನ ಉಳಿದೀತು.